ಮೆಣಸಿನಕಾಯಿ ಹಂಗಾಮಿಗೆ ಮುನ್ನ ವೆಬ್ ಸರ್ವರ್ ಕ್ಲಸ್ಟರ್: ಹಂಚಿಕೆಯ ಸಂಗ್ರಹವನ್ನು ಹೇಗೆ ಯೋಜಿಸಬೇಕು?

ವಿದ್ಯಾನಗರ, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಹಾವೇರಿ, ಗದಗ ಮತ್ತು ಧಾರವಾಡ ಜಿಲ್ಲೆಗಳ ಮಾರುಕಟ್ಟೆ ಧಾರಣೆಗಳನ್ನು ಕನ್ನಡದಲ್ಲಿ ಕೊಡುವ ತಾಣವೊಂದನ್ನು ನಮ್ಮ ಸಣ್ಣ ತಂಡ ಹುಬ್ಬಳ್ಳಿಯಿಂದ ನಡೆಸುತ್ತಿದೆ. ವರ್ಷದ ಬಹುಪಾಲು ದಿನಗಳಲ್ಲಿ ಒಂದೇ ಸರ್ವರ್ ಸಾಕಾಗುತ್ತದೆ. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಶುರುವಾದ ಮೇಲೆ, ಒಂದೇ ದಿನ ಲಕ್ಷಕ್ಕೂ ಹೆಚ್ಚು ಚೀಲಗಳು ಬರುವ ಮಾರಾಟದ ದಿನಗಳಲ್ಲಿ, ಟೆಂಡರ್ ಫಲಿತಾಂಶ ಹೊರಬಿದ್ದ ಕೂಡಲೇ ಸಾವಿರಾರು ರೈತರು ಮತ್ತು ದಲಾಲರು ಒಟ್ಟಿಗೆ ಪುಟ ತೆರೆಯುತ್ತಾರೆ. ಆಗ ಸೆಕೆಂಡಿಗೆ ಸುಮಾರು 250 ವಿನಂತಿಗಳು ಬರುತ್ತವೆ. ಇದಲ್ಲದೆ ಡಬ್ಬಿ, ಕಡ್ಡಿ, ಗುಂಟೂರು ತಳಿಗಳ ಮಾದರಿ ಚಿತ್ರಗಳನ್ನು ಬಳಕೆದಾರರೇ ಏರಿಸುತ್ತಾರೆ. ಈಗ ಅಂತಹ ಸುಮಾರು 40 ಲಕ್ಷ ಕಡತಗಳು ಸೇರಿ 600 ಜಿಬಿ ಆಗಿವೆ.

ಒಂದು ಯಂತ್ರ ಕೆಟ್ಟರೂ ತಾಣ ನಿಲ್ಲಬಾರದು, ಹಂಗಾಮಿನಲ್ಲಿ ಯಂತ್ರಗಳನ್ನು ಸೇರಿಸುವುದು ಸುಲಭವಾಗಬೇಕು ಎಂಬುದು ನಮ್ಮ ಗುರಿ. ಏಳು ಯಂತ್ರಗಳಿಗೆ ಹಣ ಹೊಂದಿಸಬಲ್ಲೆವು. ಮುಂದೆ ವಿನಂತಿಗಳನ್ನು ಹಂಚುವ ಒಂದು ಲೋಡ್ ಬ್ಯಾಲೆನ್ಸರ್, ಅದರ ಹಿಂದೆ ಮೂರು ವೆಬ್ ಸರ್ವರ್‌ಗಳು, ಅವುಗಳ ಹಿಂದೆ ಒಂದು ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕ್ ಮೂಲಕ ಡಿಸ್ಕ್ ಒದಗಿಸುವ ಯಂತ್ರ) ಎಂದು ಸದ್ಯಕ್ಕೆ ಯೋಚಿಸಿದ್ದೇವೆ. ಪಿಎಚ್‌ಪಿ ಕೋಡ್, ಸೆಷನ್ ಕಡತಗಳು (ಪ್ರತಿ ಬಳಕೆದಾರರ ಭೇಟಿಯ ನೆನಪು), ಚಿತ್ರಗಳು ಎಲ್ಲವನ್ನೂ ಅದೇ ಪೆಟ್ಟಿಗೆಯಲ್ಲಿಟ್ಟು ಮೂರೂ ಸರ್ವರ್‌ಗಳಿಗೆ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಕಡತ ಹಂಚುವ ವ್ಯವಸ್ಥೆ) ಮೂಲಕ ಮೌಂಟ್ ಮಾಡಿದರೆ, ಅಂದರೆ ಸ್ವಂತ ಡಿಸ್ಕ್‌ನಂತೆ ಜೋಡಿಸಿದರೆ, ಮೂರರಲ್ಲೂ ಒಂದೇ ರೂಪ ಇರುತ್ತದೆ ಎಂಬ ಲೆಕ್ಕ. ಈ ಯೋಜನೆಯ ದೌರ್ಬಲ್ಯಗಳನ್ನು ದಯವಿಟ್ಟು ನಿಷ್ಠುರವಾಗಿ ತಿಳಿಸಿ.

ಸಪ್ತಾಪುರ, ಧಾರವಾಡ:

ಯೋಜನೆಯನ್ನು ಸ್ಪಷ್ಟವಾಗಿ ಬರೆದಿದ್ದೀರಿ, ಆದ್ದರಿಂದ ಉತ್ತರಿಸುವುದು ಸುಲಭ. ಈ ರಚನೆಯಲ್ಲಿ ನಿಮ್ಮ ಇಂದಿನ ಒಂಟಿ ಸರ್ವರ್‌ನ ಅಪಾಯ ಹೋಗುವುದಿಲ್ಲ, ನ್ಯಾಸ್ ಪೆಟ್ಟಿಗೆಗೆ ಸ್ಥಳಾಂತರವಾಗುತ್ತದೆ ಅಷ್ಟೇ. ಮೂರು ವೆಬ್ ಸರ್ವರ್‌ಗಳಲ್ಲಿ ಪ್ರತಿಯೊಂದೂ ಶೇ 99 ರಷ್ಟು ಕಾಲ ಲಭ್ಯವಿದ್ದು, ಅವು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆ ಎಂದು ಭಾವಿಸಿದರೆ, ಮೂರೂ ಒಟ್ಟಿಗೆ ಕೆಡುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು. ಆದರೆ ಅವೆಲ್ಲ ನೆಚ್ಚಿಕೊಂಡಿರುವ ಪೆಟ್ಟಿಗೆಯ ಲಭ್ಯತೆ ಶೇ 99.5 ಆಗಿದ್ದರೆ ಇಡೀ ವ್ಯವಸ್ಥೆಯದೂ ಅಷ್ಟೇ, ಅಂದರೆ ವರ್ಷಕ್ಕೆ ಸುಮಾರು 44 ಗಂಟೆಗಳ ಸ್ಥಗಿತ. ಊರಿನ ಪ್ರತಿ ಮನೆಗೂ ನಳ ಹಾಕಿಸಿ, ನೀರಿಗೆ ಮಾತ್ರ ಒಂದೇ ಟ್ಯಾಂಕ್ ಇಟ್ಟಂತೆ ಇದು. ಲೋಡ್ ಬ್ಯಾಲೆನ್ಸರ್ ಕೂಡ ಒಂದೇ ಇದೆ ಎಂಬುದನ್ನು ಗಮನಿಸಿ.

ಇನ್ನೊಂದು ಸೂಕ್ಷ್ಮವಿದೆ. ಎನ್‌ಎಫ್‌ಎಸ್ ಸರ್ವರ್ ಮೌನವಾದರೆ ವೆಬ್ ಸರ್ವರ್‌ಗಳು ಶುದ್ಧವಾಗಿ ಸಾಯುವುದಿಲ್ಲ. ಹಾರ್ಡ್ ಮೌಂಟ್ (ಉತ್ತರ ಬರುವವರೆಗೂ ಕಾಯುವ ಬಗೆ) ಇದ್ದಾಗ, ಕಡತ ಮುಟ್ಟಲು ಹೋದ ಪ್ರತಿಯೊಂದು ಪಿಎಚ್‌ಪಿ ಪ್ರೋಸೆಸ್ ಕರ್ನೆಲ್‌ನೊಳಗೆ ಕಾಯುತ್ತಾ ನಿಲ್ಲುತ್ತದೆ. ಪಿಎಸ್ ಆಜ್ಞೆ ಕೊಟ್ಟು ನೋಡಿದರೆ ಸ್ಥಿತಿಯ ಕಾಲಂನಲ್ಲಿ ಸಾಲುಸಾಲಾಗಿ ಡಿ ಅಕ್ಷರ ಕಾಣಿಸುತ್ತದೆ, ಲೋಡ್ ಆವರೇಜ್ ನೂರನ್ನು ದಾಟುತ್ತದೆ, ಆದರೆ ಸಿಪಿಯು ಖಾಲಿಯಾಗಿಯೇ ಇರುತ್ತದೆ. ಇಷ್ಟೆಲ್ಲ ಆಗುತ್ತಿರುವಾಗ ಲೋಡ್ ಬ್ಯಾಲೆನ್ಸರ್‌ನ ಆರೋಗ್ಯ ತಪಾಸಣೆ ಕೇವಲ 80ನೇ ಪೋರ್ಟ್ ತೆರೆದಿದೆಯೇ ಎಂದು ನೋಡುವಂತಿದ್ದರೆ, ಮೂರೂ ಸರ್ವರ್‌ಗಳು ಚೆನ್ನಾಗಿವೆ ಎಂದು ಅದು ವರದಿ ಮಾಡುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿನ ನಂತರ ದೋಷ ಹೇಳಿ ಕೈಬಿಡುವ ಸಾಫ್ಟ್ ಮೌಂಟ್ ಮಾಡಿದರೆ ಕಾಯುವಿಕೆ ತಪ್ಪುತ್ತದೆ, ಆದರೆ ಬರೆಯುವ ಕೆಲಸ ಅರ್ಧಕ್ಕೆ ನಿಂತು ಕಡತ ಕೆಡುವ ಅಪಾಯ ಬರುತ್ತದೆ. ಓದಲು ಮಾತ್ರ ಇರುವ ಮೌಂಟ್‌ಗೆ ಸಾಫ್ಟ್ ಸರಿ, ಬರೆಯುವ ಮೌಂಟ್‌ಗೆ ಹಾರ್ಡ್ ಮಾತ್ರ ಸರಿ.

ಆದ್ದರಿಂದ ಯಾವ ಸಂಗ್ರಹ ತಂತ್ರಾಂಶ ಒಳ್ಳೆಯದು ಎಂದು ಕೇಳುವ ಮೊದಲು, ನಿಜವಾಗಿಯೂ ಹಂಚಿಕೊಳ್ಳಲೇಬೇಕಾದದ್ದು ಏನು ಎಂದು ಕೇಳಿಕೊಳ್ಳಬೇಕು. ಹಂಚಿಕೆಯಲ್ಲಿಟ್ಟ ಪ್ರತಿಯೊಂದು ವಸ್ತುವೂ ಎಲ್ಲ ಸರ್ವರ್‌ಗಳನ್ನು ಒಂದೇ ವಿಧಿಗೆ ಕಟ್ಟಿಹಾಕುತ್ತದೆ.

ಬೆಟಗೇರಿ:

ಸಪ್ತಾಪುರದ ಸದಸ್ಯರ ಮಾತನ್ನು ಮುಂದುವರಿಸುತ್ತೇನೆ. ಕೋಡ್ ಅನ್ನು ಮೊದಲು ಹಂಚಿಕೆಯಿಂದ ಹೊರಗೆ ತನ್ನಿ. ಪ್ರತಿ ವೆಬ್ ಸರ್ವರ್‌ನ ಸ್ವಂತ ಡಿಸ್ಕ್‌ನಲ್ಲಿ ಕೋಡ್ ಇರಲಿ. ಹೊಸ ಆವೃತ್ತಿಯನ್ನು ಬೇರೆ ಡೈರೆಕ್ಟರಿಗೆ ಆರ್‌ಸಿಂಕ್ (ಕಡತಗಳನ್ನು ಹೋಲಿಸಿ ನಕಲಿಸುವ ಸಾಧನ) ಮಾಡಿ, ಎಲ್ಲ ಸರ್ವರ್‌ಗಳಿಗೂ ತಲುಪಿದ ಮೇಲೆ ಸಿಮ್‌ಲಿಂಕ್ (ಡೈರೆಕ್ಟರಿಯತ್ತ ಬೆರಳು ತೋರುವ ಕೊಂಡಿ) ಬದಲಿಸಿ, ಪಿಎಚ್‌ಪಿ ಪ್ರೋಸೆಸ್‌ಗಳನ್ನು ನಡೆಸುವ ಪಿಎಚ್‌ಪಿ-ಎಫ್‌ಪಿಎಂ ರೀಲೋಡ್ ಮಾಡಿ. ಎನ್‌ಎಫ್‌ಎಸ್ ಮೇಲೆ ಕೋಡ್ ಇಟ್ಟರೆ, ಪಿಎಚ್‌ಪಿ ಕೋಡ್ ಅನ್ನು ಮೆಮರಿಯಲ್ಲಿ ಹಿಡಿದಿಡುವ ಆಪ್‌ಕ್ಯಾಶ್ ತನ್ನ ಸಹಜ ಹೊಂದಿಕೆಯಲ್ಲಿ 2 ಸೆಕೆಂಡಿಗೊಮ್ಮೆ ಕಡತಗಳ ಸಮಯಮುದ್ರೆಯನ್ನು ಪರೀಕ್ಷಿಸುತ್ತದೆ, ಮತ್ತು ಒಂದು ಪುಟಕ್ಕೆ ನೂರಾರು ಕಡತಗಳು ಸೇರುವ ತಂತ್ರಾಂಶದಲ್ಲಿ ಅವುಗಳಲ್ಲಿ ಅನೇಕವು ನೆಟ್‌ವರ್ಕ್ ದಾಟಬೇಕಾಗುತ್ತದೆ. ಕೋಡ್ ಸ್ಥಳೀಯವಾಗಿದ್ದರೆ ಈ ಪರೀಕ್ಷೆಯನ್ನೇ ನಿಲ್ಲಿಸಿಬಿಡಬಹುದು, ಏಕೆಂದರೆ ಬದಲಾವಣೆ ಯಾವಾಗ ಆಗುತ್ತದೆ ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ.

ಸೆಷನ್‌ಗಳನ್ನು ಮೆಮರಿಯಲ್ಲೇ ದತ್ತಾಂಶ ಇಡುವ ರೆಡಿಸ್‌ಗೆ ಒಯ್ಯಿರಿ. ಧಾರಣೆ ನೋಡಲು ಬರುವವರಿಗೆ ಲಾಗಿನ್ ಬೇಕಿಲ್ಲ ಎಂದಾದರೆ ಅವರಿಗೆ ಸೆಷನ್ ತೆರೆಯುವುದನ್ನೇ ನಿಲ್ಲಿಸಿ, ಅದು ಇನ್ನೂ ಉತ್ತಮ. ಟೆಂಪ್ಲೇಟ್ ಕ್ಯಾಶ್‌ನಂತಹವು ಆಯಾ ಸರ್ವರ್‌ನಲ್ಲೇ ಇರಲಿ, ಅವು ಕಳೆದುಹೋದರೆ ಮತ್ತೆ ಹುಟ್ಟುತ್ತವೆ.

ವಿದ್ಯಾನಗರ, ಹುಬ್ಬಳ್ಳಿ:

ಇಬ್ಬರಿಗೂ ಧನ್ಯವಾದಗಳು. ಧಾರಣೆ ನೋಡುವವರಿಗೆ ಲಾಗಿನ್ ಇಲ್ಲ, ಆದರೂ ಈಗಿನ ತಂತ್ರಾಂಶ ಎಲ್ಲರಿಗೂ ಸೆಷನ್ ತೆರೆಯುತ್ತಿದೆ. ಅದನ್ನು ನಿಲ್ಲಿಸುವುದು ಸಣ್ಣ ಬದಲಾವಣೆ. ಕೋಡ್ ಮತ್ತು ಸೆಷನ್ ಹೊರಗೆ ಹೋದರೆ ಹಂಚಿಕೆಯಲ್ಲಿ ಉಳಿಯುವುದು 600 ಜಿಬಿ ಚಿತ್ರಗಳು ಮಾತ್ರ. ಚಿತ್ರ ಏರಿಸುವ ಭಾಗ ಸಾಮಾನ್ಯ ಡೈರೆಕ್ಟರಿಗೆ ಬರೆಯುವಂತೆ ರಚಿತವಾಗಿದೆ. ಅದನ್ನು ಈ ಹಂಗಾಮಿಗೆ ಮುನ್ನ ಆಬ್ಜೆಕ್ಟ್ ಸ್ಟೋರೇಜ್‌ಗೆ (ಡೈರೆಕ್ಟರಿಯ ಬದಲು ವೆಬ್ ವಿನಂತಿಗಳ ಮೂಲಕ ಕಡತ ಇಡುವ ಸಂಗ್ರಹ) ಬದಲಾಯಿಸುವಷ್ಟು ಸಮಯ ನಮ್ಮಲ್ಲಿಲ್ಲ. ಹಾಗಾದರೆ ಈ ಚಿತ್ರಗಳಿಗೆ, ದತ್ತಾಂಶದ ಪ್ರತಿಗಳನ್ನು ಹಲವು ಯಂತ್ರಗಳಲ್ಲಿ ಇಡುವ ಸೆಫ್, ಗ್ಲಸ್ಟರ್, ಡಿಆರ್‌ಬಿಡಿ ಎಂಬ ತಂತ್ರಾಂಶಗಳಲ್ಲಿ ಯಾವುದನ್ನು ಆರಿಸಬೇಕು?

ಕೇಶ್ವಾಪುರ, ಹುಬ್ಬಳ್ಳಿ:

ನಾನು ಸೆಫ್ ಪರವಾಗಿ ಮಾತಾಡುತ್ತೇನೆ. ಸೇಜ್ ವೈಲ್ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್‌ನಲ್ಲಿ ಪಿಎಚ್‌ಡಿ ಸಂಶೋಧನೆಯಾಗಿ ಕಟ್ಟಿದ ಈ ವ್ಯವಸ್ಥೆಯಲ್ಲಿ ದತ್ತಾಂಶ ಎಲ್ಲಿದೆ ಎಂದು ಹೇಳುವ ಕೇಂದ್ರ ಪಟ್ಟಿಯೇ ಇಲ್ಲ. ಕ್ರಷ್ ಎಂಬ ಗಣನೆಯಿಂದ ಪ್ರತಿ ಕ್ಲೈಂಟ್ ಸ್ವತಃ ಅದನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಹೊಸ ಯಂತ್ರ ಸೇರಿಸಿದರೆ ದತ್ತಾಂಶ ತಾನಾಗಿಯೇ ಹಂಚಿಕೆಯಾಗುತ್ತದೆ, ಮೂರು ಪ್ರತಿಗಳಿರುತ್ತವೆ, ಒಂದು ಡಿಸ್ಕ್ ಹೋದರೆ ಯಾರೂ ಎದ್ದು ಓಡಬೇಕಿಲ್ಲ. ಮುಂದೆ ಆಬ್ಜೆಕ್ಟ್ ಸ್ಟೋರೇಜ್‌ಗೆ ಹೋಗಬೇಕೆಂದಾಗ ಅದೇ ಕ್ಲಸ್ಟರ್‌ನಲ್ಲಿ ಎಸ್3 (ಅಮೆಜಾನ್‌ನ ಆಬ್ಜೆಕ್ಟ್ ಸ್ಟೋರೇಜ್) ಮಾದರಿಯ ಬಾಗಿಲೂ ಸಿಗುತ್ತದೆ. ಬೆಳೆಯುವ ತಾಣಕ್ಕೆ ಇದಕ್ಕಿಂತ ದೂರದೃಷ್ಟಿಯ ಆಯ್ಕೆ ಕಾಣುವುದಿಲ್ಲ.

ಸಪ್ತಾಪುರ, ಧಾರವಾಡ:

ಸೆಫ್ ಬಗ್ಗೆ ನನಗೂ ಗೌರವವಿದೆ, ಆದರೆ ಇಲ್ಲಿ ಅದನ್ನು ಸೂಚಿಸಲಾರೆ. ಮೂರೇ ಯಂತ್ರಗಳ ಸೆಫ್‌ನಲ್ಲಿ ಮೂರು ಪ್ರತಿಗಳಿಟ್ಟರೆ, ಒಂದು ಯಂತ್ರ ಹೋದಾಗ ಮೂರನೆಯ ಪ್ರತಿಯನ್ನು ಮತ್ತೆ ಕಟ್ಟಲು ಜಾಗವೇ ಇರುವುದಿಲ್ಲ. ತಾನೇ ಗುಣವಾಗುವ ಗುಣ, ಅಂದರೆ ಅದರ ಮುಖ್ಯ ಬಲ, ನಾಲ್ಕನೆಯ ಯಂತ್ರ ಬಂದ ಮೇಲೆ ಮಾತ್ರ ಕೆಲಸಕ್ಕೆ ಬರುತ್ತದೆ. ಪ್ರತಿ ಡಿಸ್ಕ್‌ಗೆ ಒಂದರಂತೆ ಓಡುವ ಓಎಸ್‌ಡಿ ಸೇವೆಯ ಮೆಮರಿ ಗುರಿಯೇ ಸಹಜವಾಗಿ 4 ಜಿಬಿ. ಅದರ ಜೊತೆಗೆ ಮಾನಿಟರ್‌ಗಳು, ಸೆಫ್‌ಎಫ್‌ಎಸ್‌ಗೆ (ಸೆಫ್‌ನ ಕಡತ ವ್ಯವಸ್ಥೆ) ಬೇಕಾದ ಮೆಟಾಡೇಟಾ ಸರ್ವರ್‌ಗಳು. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಎರಡು ಗಂಟೆಗೆ ಪ್ಲೇಸ್‌ಮೆಂಟ್ ಗ್ರೂಪ್ (ಸೆಫ್ ದತ್ತಾಂಶವನ್ನು ವಿಂಗಡಿಸುವ ಗುಂಪು) ಸಿಕ್ಕಿಹಾಕಿಕೊಂಡಾಗ ಅದನ್ನು ಬಿಡಿಸಬಲ್ಲವರು ಸಣ್ಣ ತಂಡದಲ್ಲಿ ಕನಿಷ್ಠ ಇಬ್ಬರಾದರೂ ಇರಬೇಕು. 600 ಜಿಬಿ ಇಂದು ಒಂದೇ ಎಸ್‌ಎಸ್‌ಡಿಯಲ್ಲಿ ಹಿಡಿಸುವ ಗಾತ್ರ. ಡಿಸ್ಕ್‌ನ ಗಾತ್ರ ನಿಮ್ಮ ಸಮಸ್ಯೆಯಲ್ಲ, ಡಿಸ್ಕ್‌ನ ಲಭ್ಯತೆ ನಿಮ್ಮ ಸಮಸ್ಯೆ.

ಆದ್ದರಿಂದ ನನ್ನ ಸಲಹೆ ಡಿಆರ್‌ಬಿಡಿ ಮತ್ತು ಅದರ ಮೇಲೆ ಎನ್‌ಎಫ್‌ಎಸ್. ಡಿಆರ್‌ಬಿಡಿ ಎರಡು ಯಂತ್ರಗಳ ಬ್ಲಾಕ್ ಡಿವೈಸ್‌ಗಳನ್ನು (ಡಿಸ್ಕ್‌ಗಳನ್ನು) ನೆಟ್‌ವರ್ಕ್ ಮೂಲಕ ಒಂದೇ ರೂಪದಲ್ಲಿಡುತ್ತದೆ. 2010ರಲ್ಲಿ 2.6.33 ಆವೃತ್ತಿಯೊಂದಿಗೆ ಲಿನಕ್ಸ್ ಕರ್ನೆಲ್ ಸೇರಿದ ಇದು ಚೆನ್ನಾಗಿ ಪಳಗಿದ ತಂತ್ರಾಂಶ, ಆದರೆ ಬಹುಮತವಿದ್ದರೆ ಮಾತ್ರ ಬರೆಯಲು ಬಿಡುವ ಕೋರಮ್ ಎಂಬ ಹೊಂದಿಕೆಗೆ ಪ್ರತ್ಯೇಕವಾಗಿ ಸಿಗುವ 9ನೇ ಆವೃತ್ತಿಯ ಮಾಡ್ಯೂಲ್ ಹಾಕಿಕೊಳ್ಳಿ. ಪ್ರೋಟೋಕಾಲ್ ಸಿ ಆರಿಸಿದರೆ ಎರಡೂ ಕಡೆಯ ಡಿಸ್ಕ್‌ಗೆ ತಲುಪಿದ ಮೇಲೆಯೇ ಬರಹ ಮುಗಿಯಿತೆಂದು ಉತ್ತರ ಬರುತ್ತದೆ. 1 ಗಿಗಾಬಿಟ್ ಕೊಂಡಿಯಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಾಗುವುದರಿಂದ 600 ಜಿಬಿಯ ಪೂರ್ಣ ಮರುಹೊಂದಿಕೆಗೆ ಸುಮಾರು ಒಂದೂವರೆ ಗಂಟೆ ಸಾಕು, ಮತ್ತು ಸ್ವಲ್ಪ ಹೊತ್ತಿನ ಅಗಲಿಕೆಯ ನಂತರ ಬದಲಾದ ಬ್ಲಾಕ್‌ಗಳಷ್ಟೇ ಸಾಗುತ್ತವೆ. 40 ಲಕ್ಷ ಕಡತಗಳನ್ನು ಒಂದೊಂದಾಗಿ ಹೋಲಿಸಿ ನೋಡುವ ಆರ್‌ಸಿಂಕ್‌ಗೆ ಈ ಅನುಕೂಲವಿಲ್ಲ.

ಮೇಲಿನ ಎನ್‌ಎಫ್‌ಎಸ್ ಪದರದಲ್ಲಿ ಮೂರು ವಿಷಯಗಳನ್ನು ಮರೆಯಬೇಡಿ. ಎರಡೂ ಯಂತ್ರಗಳಲ್ಲಿ ಎಕ್ಸ್‌ಪೋರ್ಟ್‌ನ (ಹಂಚಿದ ಡೈರೆಕ್ಟರಿಯ) ಗುರುತುಸಂಖ್ಯೆಯಾದ ಎಫ್‌ಎಸ್‌ಐಡಿ ಒಂದೇ ಇರಬೇಕು. ಇಲ್ಲವಾದರೆ ಪಾಳಿ ಬದಲಾದ (ಒಂದು ಯಂತ್ರದ ಕೆಲಸ ಇನ್ನೊಂದಕ್ಕೆ ಹೋದ) ಕೂಡಲೇ ಎಲ್ಲ ಕ್ಲೈಂಟ್‌ಗಳಲ್ಲಿ ಸ್ಟೇಲ್ ಫೈಲ್ ಹ್ಯಾಂಡಲ್ (ಕಡತದ ಹಳೆಯ ಗುರುತು ಸಲ್ಲದು) ಎಂಬ ದೋಷ ಬರುತ್ತದೆ. ಎನ್‌ಎಫ್‌ಎಸ್ ತನ್ನ ಕ್ಲೈಂಟ್‌ಗಳ ಸ್ಥಿತಿಯನ್ನು ಬರೆದಿಡುವ ಡೈರೆಕ್ಟರಿಯೂ ಡಿಆರ್‌ಬಿಡಿ ಮೇಲೆಯೇ ಇರಬೇಕು. ಜೊತೆಗೆ ಎನ್‌ಎಫ್‌ಎಸ್ 4ರಲ್ಲಿ ಸರ್ವರ್ ಮತ್ತೆ ಎದ್ದಾಗ ಹಳೆಯ ಬೀಗಗಳನ್ನು ಮರಳಿ ಪಡೆಯಲು ಕೊಡುವ ಅವಧಿ ಲಿನಕ್ಸ್‌ನಲ್ಲಿ ಸಹಜವಾಗಿ 90 ಸೆಕೆಂಡ್. ಯಂತ್ರ ಬದಲಾವಣೆ ಹತ್ತು ಸೆಕೆಂಡಿನಲ್ಲಿ ಮುಗಿದರೂ ಹೊಸದಾಗಿ ಕಡತ ತೆರೆಯಲು ಹೋದವರು ಅಷ್ಟು ಹೊತ್ತು ಕಾಯಬೇಕಾಗುತ್ತದೆ, ಹೀಗಾಗಿ ಲೀಸ್ ಅವಧಿಯನ್ನೂ (ನವೀಕರಿಸದಿದ್ದರೂ ಕ್ಲೈಂಟ್‌ನ ಬೀಗ ಉಳಿಯುವ ಕಾಲ) ಈ ಅವಧಿಯನ್ನೂ ಒಟ್ಟಿಗೆ ಕಡಿಮೆ ಮಾಡಿ.

ಬೆಟಗೇರಿ:

ಗ್ಲಸ್ಟರ್ ಬಗ್ಗೆ ಒಂದೇ ಮಾತು. ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನದ ಬೆಂಬಲವನ್ನು 2024ರ ಕೊನೆಗೆ ಮುಗಿಸಿದೆ, ಅಲ್ಲದೆ ಸಣ್ಣ ಕಡತಗಳ ರಾಶಿಯಲ್ಲಿ ಅದು ನಿಧಾನ. ಹೊಸ ಕಟ್ಟಡಕ್ಕೆ ಅದನ್ನು ಅಡಿಪಾಯ ಮಾಡುವುದು ಬೇಡ.

ಡಿಆರ್‌ಬಿಡಿಯಲ್ಲಿ ನಿಜವಾದ ಭಯ ಸ್ಪ್ಲಿಟ್ ಬ್ರೇನ್. ಎರಡು ಯಂತ್ರಗಳ ನಡುವಿನ ಕೊಂಡಿ ಮಾತ್ರ ಕಡಿದರೆ, ಪ್ರತಿಯೊಂದೂ ಇನ್ನೊಂದು ಸತ್ತಿದೆ ಎಂದು ತಿಳಿದು ತಾನೇ ಮುಖ್ಯಸ್ಥನಾಗುತ್ತದೆ. ಎರಡೂ ಕಡೆ ಬೇರೆ ಬೇರೆ ಚಿತ್ರಗಳು ಬರೆಯಲ್ಪಟ್ಟ ಮೇಲೆ ಕೊಂಡಿ ಮರಳಿದರೆ, ಒಂದು ಕಡೆಯದನ್ನು ಕೈಯಾರೆ ತ್ಯಜಿಸದೆ ಅವನ್ನು ಒಂದುಗೂಡಿಸಲಾಗದು. ಇದಕ್ಕೆ ಮೂರನೆಯ ಮತ ಬೇಕು. ಡಿಆರ್‌ಬಿಡಿ 9ರಲ್ಲಿ ಡಿಸ್ಕ್ ಇಲ್ಲದ ಮೂರನೆಯ ಯಂತ್ರವನ್ನು ತೀರ್ಪುಗಾರನಾಗಿ ಸೇರಿಸಿ, ಬಹುಮತವಿಲ್ಲದ ಯಂತ್ರ ಬರೆಯದಂತೆ ಕೋರಮ್ ಹೊಂದಿಸಬಹುದು. ನಿಮ್ಮ ವೆಬ್ ಸರ್ವರ್‌ಗಳಲ್ಲಿ ಒಂದು ಈ ಕೆಲಸವನ್ನು ಸುಲಭವಾಗಿ ಮಾಡುತ್ತದೆ.

ಅನೇಕ ಮಾರ್ಗದರ್ಶಿಗಳು ಐಪಿಎಂಐ (ಯಂತ್ರದೊಳಗಿನ ದೂರನಿಯಂತ್ರಣ ವ್ಯವಸ್ಥೆ) ಮೂಲಕ ಫೆನ್ಸಿಂಗ್ ಮಾಡಿ, ಅಂದರೆ ಸಂಶಯದ ಯಂತ್ರವನ್ನು ದೂರದಿಂದಲೇ ಬಲವಂತವಾಗಿ ಆಫ್ ಮಾಡಿ ಎಂದು ಹೇಳುತ್ತವೆ. ಮಾಡಿ, ಒಳ್ಳೆಯದೇ. ಆದರೆ ನಮ್ಮ ಊರುಗಳಲ್ಲಿ ಯಂತ್ರ ಮೌನವಾಗಲು ಬಹುಮುಖ್ಯ ಕಾರಣ ವಿದ್ಯುತ್. ಯಂತ್ರಕ್ಕೆ ವಿದ್ಯುತ್ ಹೋದರೆ ಅದರೊಳಗಿನ ಐಪಿಎಂಐ ಚಿಪ್‌ಗೂ ವಿದ್ಯುತ್ ಇರುವುದಿಲ್ಲ. ಆಫ್ ಆಗು ಎಂಬ ಆಜ್ಞೆಗೆ ಉತ್ತರ ಬರುವುದಿಲ್ಲ, ಉತ್ತರ ಬರುವವರೆಗೆ ಉಳಿದ ಯಂತ್ರ ಕೆಲಸ ವಹಿಸಿಕೊಳ್ಳುವುದಿಲ್ಲ, ಹೀಗೆ ಯಂತ್ರ ನಿಜವಾಗಿ ಸತ್ತಿರುವಾಗಲೇ, ಪಾಳಿ ಬದಲಾವಣೆಯನ್ನು ನಡೆಸುವ ಪೇಸ್‌ಮೇಕರ್ ತಂತ್ರಾಂಶ ಕೈಕಟ್ಟಿ ನಿಲ್ಲುತ್ತದೆ. ಆದ್ದರಿಂದ ಎರಡನೆಯ ಹಂತದ ಫೆನ್ಸಿಂಗ್‌ಗೆ, ದೂರದಿಂದ ಔಟ್‌ಲೆಟ್ ಆಫ್ ಮಾಡಬಲ್ಲ ಪಿಡಿಯು (ವಿದ್ಯುತ್ ಹಂಚುವ ಪಟ್ಟಿ) ಒಂದನ್ನು ಬೇರೆ ವಿದ್ಯುತ್ ಮೂಲದ ಮೇಲೆ ಇಡಿ.

ಏಪ್ರಿಲ್-ಮೇ ತಿಂಗಳ ಸಂಜೆಯ ಗಾಳಿಮಳೆ ಮೆಣಸಿನಕಾಯಿ ಹಂಗಾಮಿನ ಕೊನೆಯ ಭಾಗಕ್ಕೇ ಬೀಳುತ್ತದೆ ಎಂಬುದನ್ನು ಯೋಜನೆಯಲ್ಲಿ ಬರೆದುಕೊಳ್ಳಿ. ಏಳು ಯಂತ್ರಗಳೂ ಒಂದೇ ಯುಪಿಎಸ್ ಮೇಲಿದ್ದರೆ, ಮೇಲೆ ಹಾಕಿದ ಹತ್ತು ಲಕ್ಷದಲ್ಲಿ ಒಂದು ಎಂಬ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ, ಏಕೆಂದರೆ ಆಗ ಅವು ಸ್ವತಂತ್ರವಾಗಿ ಕೆಡುವುದಿಲ್ಲ.

ಬ್ಯಾಡಗಿ:

ನಾನು ತಂತ್ರಜ್ಞನಲ್ಲ, ಮಾರುಕಟ್ಟೆಯ ಕಡೆಯವನು, ಈ ತಾಣವನ್ನು ದಿನವೂ ಬಳಸುವವನು. ಮೇಲಿನದನ್ನೆಲ್ಲ ಓದಿದಾಗ ಒಂದು ಮಾತು ಹೇಳಬೇಕೆನಿಸಿತು. ಟೆಂಡರ್ ಫಲಿತಾಂಶ ಬಂದ ಆ ಒಂದು ಗಂಟೆಯಲ್ಲಿ ನಮಗೆ ಬೇಕಾದದ್ದು ಕೋಷ್ಟಕ ಮಾತ್ರ: ಯಾವ ತಳಿ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಸರಾಸರಿ ಎಷ್ಟು. ಚಿತ್ರ ಅರ್ಧ ಗಂಟೆ ತಡವಾಗಿ ಕಂಡರೆ ಯಾರಿಗೂ ನಷ್ಟವಿಲ್ಲ. ಆದರೆ ಕೋಷ್ಟಕ ಕಾಣದಿದ್ದರೆ, ಹಿರೇಕೆರೂರಿನಿಂದಲೋ ರೋಣದಿಂದಲೋ ಮಾಲು ತಂದ ರೈತ ದಲಾಲ ಹೇಳಿದ್ದನ್ನೇ ನಂಬಬೇಕಾಗುತ್ತದೆ. ಚಿತ್ರಗಳ ಡಿಸ್ಕ್ ಕೆಟ್ಟರೆ ಕೋಷ್ಟಕವೂ ನಿಲ್ಲುವಂತೆ ಕಟ್ಟುತ್ತಿದ್ದೀರಾ ಎಂಬುದು ನನಗೆ ಅರ್ಥವಾಗಲಿಲ್ಲ. ಕೋಷ್ಟಕ ಮೇಲೇಳಬೇಕಾದರೆ ಚಿತ್ರದ ಡಿಸ್ಕ್ ಯಾಕೆ ಬೇಕು?

ಸಪ್ತಾಪುರ, ಧಾರವಾಡ:

ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತಿ ಮುಖ್ಯ ಪ್ರಶ್ನೆ ಇದೇ. ನಾವೆಲ್ಲರೂ ಸಂಗ್ರಹವನ್ನು ಗಟ್ಟಿ ಮಾಡುವುದರ ಬಗ್ಗೆ ಬರೆದೆವು. ಕೋಷ್ಟಕವನ್ನು ಸಂಗ್ರಹದಿಂದ ಬಿಡಿಸುವುದು ಅದಕ್ಕಿಂತ ಮೊದಲಿನ ಕೆಲಸ.

ಹೀಗೆ ಮಾಡಬಹುದು. ಲೋಡ್ ಬ್ಯಾಲೆನ್ಸರ್ ತಂತ್ರಾಂಶವಾದ ಎಚ್‌ಎಪ್ರಾಕ್ಸಿ ವಿನಂತಿಯ ಮಾರ್ಗವನ್ನು ನೋಡಿ ಬೇರೆ ಬೇರೆ ಗುಂಪಿನ ಸರ್ವರ್‌ಗಳಿಗೆ ಕಳಿಸಬಲ್ಲದು. ಧಾರಣೆ ಪುಟಗಳೆಲ್ಲ ಮೂರು ವೆಬ್ ಸರ್ವರ್‌ಗಳಿಗೆ ಹೋಗಲಿ, ಅವುಗಳಲ್ಲಿ ಎನ್‌ಎಫ್‌ಎಸ್ ಮೌಂಟ್ ಇರುವುದೇ ಬೇಡ. ಚಿತ್ರ ನೋಡುವ ಮತ್ತು ಚಿತ್ರ ಏರಿಸುವ ಮಾರ್ಗಗಳು ಮಾತ್ರ ಎರಡು ಸಂಗ್ರಹ ಯಂತ್ರಗಳ ಮೇಲಿನ ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್ ತಂತ್ರಾಂಶ) ಮತ್ತು ಪಿಎಚ್‌ಪಿಗೆ ಹೋಗಲಿ. ಎಲ್ಲ ಯಂತ್ರಗಳಲ್ಲೂ ಒಂದೇ ಕೋಡ್ ಇರುವುದರಿಂದ ತಂತ್ರಾಂಶದ ಆ ಭಾಗವನ್ನು ಬದಲಿಸಬೇಕಾಗಿಲ್ಲ, ಬದಲಾಗುವುದು ದಾರಿ ಮಾತ್ರ. ಸಂಗ್ರಹ ಪೂರ್ತಿ ನಿಂತರೂ ಕೋಷ್ಟಕದಲ್ಲಿ ಚಿತ್ರದ ಜಾಗ ಖಾಲಿ ಕಾಣುತ್ತದೆ, ಅಂಕಿಗಳು ಕಾಣುತ್ತವೆ.

ಎರಡನೆಯದಾಗಿ ಕ್ಯಾಶ್. ಧಾರಣೆ ಕೋಷ್ಟಕ ಎಲ್ಲರಿಗೂ ಒಂದೇ. ಪ್ರತಿ ವೆಬ್ ಸರ್ವರ್‌ನ ಎನ್‌ಜಿನ್‌ಎಕ್ಸ್ ಪುಟವನ್ನು 10 ಸೆಕೆಂಡ್ ಕಾಲ ಹಿಡಿದಿಟ್ಟುಕೊಂಡರೆ, ಸೆಕೆಂಡಿಗೆ 250 ವಿನಂತಿಗಳು ಒಂದೇ ಪುಟಕ್ಕೆ ಬಂದಾಗಲೂ ಪಿಎಚ್‌ಪಿಯನ್ನು ತಲುಪುವುದು ಪ್ರತಿ ಸರ್ವರ್‌ನಲ್ಲಿ 10 ಸೆಕೆಂಡಿಗೆ ಒಂದು ಮಾತ್ರ. ಪುಟ ಮೊದಲ ಬಾರಿ ಕ್ಯಾಶ್ ಸೇರುವ ಕ್ಷಣದಲ್ಲಿ ಎಲ್ಲರೂ ಒಟ್ಟಿಗೆ ನುಗ್ಗದಂತೆ ಕ್ಯಾಶ್ ಲಾಕ್ ಹಾಕಿ. ಹಿಂದಿನ ಪದರ ದೋಷ ಕೊಟ್ಟರೆ ಅಥವಾ ತಡ ಮಾಡಿದರೆ, ಅವಧಿ ಮುಗಿದ ಪುಟ ನವೀಕರಣವಾಗುತ್ತಿರುವಾಗಲೂ, ಹಳೆಯ ಪ್ರತಿಯನ್ನೇ ಕೊಡುವಂತೆ ಯೂಸ್ ಸ್ಟೇಲ್ ಹೊಂದಿಸಿ, ಮತ್ತು ಪುಟದ ಮೇಲ್ಭಾಗದಲ್ಲಿ ಆ ಅಂಕಿಗಳು ಯಾವ ಗಂಟೆಯವು ಎಂದು ಸ್ಪಷ್ಟವಾಗಿ ಮುದ್ರಿಸಿ. ಹಳೆಯ ಧಾರಣೆಯನ್ನು ಹೊಸದೆಂದು ತೋರಿಸುವುದು ಪುಟ ಕಾಣದಿರುವುದಕ್ಕಿಂತ ಕೆಟ್ಟದ್ದು. ಒಂದು ಎಚ್ಚರಿಕೆ: ಸೆಷನ್ ಕುಕಿ ಹೊತ್ತ ಉತ್ತರಗಳನ್ನು ಎನ್‌ಜಿನ್‌ಎಕ್ಸ್ ಸಹಜವಾಗಿ ಕ್ಯಾಶ್ ಮಾಡುವುದಿಲ್ಲ, ಆದ್ದರಿಂದ ಎಲ್ಲರಿಗೂ ಸೆಷನ್ ತೆರೆಯುವುದನ್ನು ಮೊದಲು ನಿಲ್ಲಿಸಲೇಬೇಕು.

ಕೇಶ್ವಾಪುರ, ಹುಬ್ಬಳ್ಳಿ:

ಈ ವಿಂಗಡಣೆಯ ನಂತರ ಸೆಫ್‌ಗಾಗಿ ನನ್ನ ಒತ್ತಾಯವಿಲ್ಲ. ಚಿತ್ರಗಳು 10 ಟಿಬಿ ದಾಟುವ ಕಾಲಕ್ಕೆ ಮತ್ತೆ ಮಾತಾಡೋಣ. ಆದರೆ ಕ್ಯಾಶ್ ಇದೆ ಎಂದು ಸಾಮರ್ಥ್ಯದ ಲೆಕ್ಕವನ್ನು ಬಿಡಬೇಡಿ. ಸೆಕೆಂಡಿಗೆ 250 ವಿನಂತಿಗಳು, ಪ್ರತಿಯೊಂದಕ್ಕೆ ಸರಾಸರಿ 0.4 ಸೆಕೆಂಡ್ ಎಂದಾದರೆ, ಲಿಟಲ್ ನಿಯಮದಂತೆ (ಬರುವ ವೇಗವನ್ನು ತಗಲುವ ಕಾಲದಿಂದ ಗುಣಿಸಿದಷ್ಟು) ಯಾವುದೇ ಕ್ಷಣದಲ್ಲಿ 100 ಪಿಎಚ್‌ಪಿ ಪ್ರೋಸೆಸ್‌ಗಳು ಕೆಲಸದಲ್ಲಿರುತ್ತವೆ. ಮೂರರಲ್ಲಿ ಒಂದು ಸರ್ವರ್ ಕೆಟ್ಟಾಗ ಉಳಿದ ಎರಡು ತಲಾ 50 ಹೊರಬೇಕು. ಪ್ರೋಸೆಸ್‌ಗೆ 80 ಎಂಬಿಯಂತೆ ಇದು 4 ಜಿಬಿ, ಅಷ್ಟೇನೂ ಕಷ್ಟವಲ್ಲ. ಆದರೆ ಡೇಟಾಬೇಸ್ ನಿಧಾನವಾಗಿ ಅದೇ ಸಮಯ 1.2 ಸೆಕೆಂಡಿಗೆ ಏರಿದರೆ 100 ಎಂಬುದು 300 ಆಗುತ್ತದೆ. ಹೊರಗಿನ ದಟ್ಟಣೆ ಒಂದಿಷ್ಟೂ ಹೆಚ್ಚದೆ ಸರ್ವರ್‌ಗಳು ತುಂಬಿಹೋಗುವುದು ಹೀಗೆಯೇ. ಎಫ್‌ಪಿಎಂನ ಗರಿಷ್ಠ ಸಂಖ್ಯೆಯನ್ನು ಮೆಮರಿಗೆ ತಕ್ಕಂತೆ ಬಿಗಿಯಾಗಿ ಕಟ್ಟಿ, ಹೆಚ್ಚಿನವರನ್ನು ಎಚ್‌ಎಪ್ರಾಕ್ಸಿಯ ಸರತಿಯಲ್ಲಿ ನಿಲ್ಲಿಸಿ.

ವಿದ್ಯಾನಗರ, ಹುಬ್ಬಳ್ಳಿ:

ಡೇಟಾಬೇಸ್ ಮಾತು ಬಂದದ್ದರಿಂದ ಕೇಳುತ್ತೇನೆ. ಈಗ ಒಂದೇ ಮಾರಿಯಾಡಿಬಿ ಡೇಟಾಬೇಸ್ ಇದೆ. ಗಾಲೆರಾ ಕ್ಲಸ್ಟರ್ (ಎಲ್ಲ ಯಂತ್ರಗಳಲ್ಲೂ ಬರೆಯಬಹುದಾದ ಡೇಟಾಬೇಸ್ ಗುಂಪು) ಮಾಡಲೇ? ನಮ್ಮಲ್ಲಿ ಬರಹ ಬಹಳ ಕಡಿಮೆ, ದಿನಕ್ಕೆ ಕೆಲವು ಬಾರಿ ಧಾರಣೆ ನಮೂದು, ಉಳಿದದ್ದು ಓದುವುದೇ.

ಬೆಟಗೇರಿ:

ಗಾಲೆರಾ ಒಳ್ಳೆಯದು, ಆದರೆ ಅದಕ್ಕೆ ಕನಿಷ್ಠ ಮೂರು ಯಂತ್ರಗಳು ಬೇಕು, ಡೇಟಾಬೇಸಿನ ಎಲ್ಲ ಕೋಷ್ಟಕಗಳು ಇನ್ನೋಡಿಬಿ ಮಾದರಿಯವಾಗಿರಬೇಕು, ಪ್ರತಿಯೊಂದಕ್ಕೂ ಪ್ರೈಮರಿ ಕೀ (ಪ್ರತಿ ಸಾಲಿನ ವಿಶಿಷ್ಟ ಗುರುತು) ಇರಬೇಕು, ಮತ್ತು ಎರಡು ಕಡೆಯಿಂದ ಒಂದೇ ಸಾಲನ್ನು ಬದಲಿಸಿದರೆ ಒಂದು ವ್ಯವಹಾರ ಕೊನೆಯ ಕ್ಷಣದಲ್ಲಿ ತಿರಸ್ಕೃತವಾಗುತ್ತದೆ. ನಿಮ್ಮ ಬಳಕೆಗೆ ಒಂದು ಮುಖ್ಯ, ಒಂದು ಪ್ರತಿರೂಪ, ನಡುವೆ ಸೆಮಿ-ಸಿಂಕ್ (ಬರಹ ಪ್ರತಿರೂಪಕ್ಕೆ ತಲುಪಿತೆಂಬ ಉತ್ತರಕ್ಕೆ ಮುಖ್ಯ ಕಾಯುವ ಬಗೆ) ಸಾಕು. ಸೆಮಿ-ಸಿಂಕ್‌ನಲ್ಲಿ ಪ್ರತಿರೂಪ 10 ಸೆಕೆಂಡ್ ಉತ್ತರಿಸದಿದ್ದರೆ ಮುಖ್ಯ ಸರ್ವರ್ ಸಹಜ ಹೊಂದಿಕೆಯಲ್ಲಿ ಸದ್ದಿಲ್ಲದೆ, ಪ್ರತಿರೂಪಕ್ಕೆ ಕಾಯದ ಸಾಮಾನ್ಯ ಅಸಿಂಕ್ ಸ್ಥಿತಿಗೆ ಇಳಿಯುತ್ತದೆ. ಇದಕ್ಕೆ ಎಚ್ಚರಿಕೆಯ ಗಂಟೆ ಕಟ್ಟಿರಿ, ಇಲ್ಲವಾದರೆ ಎರಡು ಪ್ರತಿಗಳಿವೆ ಎಂಬ ನಂಬಿಕೆ ಮಾತ್ರ ಉಳಿಯುತ್ತದೆ.

ಡೇಟಾಬೇಸ್ ಪಾಳಿಯನ್ನು ತಾನಾಗಿಯೇ ಬದಲಾಗುವಂತೆ ಮಾಡಬೇಡಿ ಎಂಬುದು ನನ್ನ ದೃಢ ಅಭಿಪ್ರಾಯ. ಕ್ಯಾಶ್ ಹಳೆಯ ಪುಟವನ್ನು ಕೊಡುತ್ತಿರುವಾಗ, ಒಬ್ಬ ಮನುಷ್ಯ ಲಾಗ್ ಓದಿ ಐದು ನಿಮಿಷದಲ್ಲಿ ಪ್ರತಿರೂಪವನ್ನು ಮುಖ್ಯವಾಗಿಸಬಹುದು. ತಪ್ಪು ತಿಳಿದು ಎರಡು ಮುಖ್ಯ ಡೇಟಾಬೇಸ್‌ಗಳಾದರೆ ಅದನ್ನು ಸರಿಪಡಿಸಲು ದಿನಗಳೇ ಬೇಕಾಗುತ್ತವೆ.

ಯಂತ್ರಗಳ ಸಂಖ್ಯೆ ಉಳಿಸಲು, ಮೊದಲ ಸಂಗ್ರಹ ಯಂತ್ರದಲ್ಲಿ ಎನ್‌ಎಫ್‌ಎಸ್ ಮುಖ್ಯವಾಗಿರಲಿ, ಎರಡನೆಯದರಲ್ಲಿ ಡೇಟಾಬೇಸ್ ಮುಖ್ಯವಾಗಿರಲಿ. ಒಂದು ಹೋದಾಗ ಇನ್ನೊಂದು ಎರಡನ್ನೂ ಹೊರುವಷ್ಟು ಮೆಮರಿ ಇಟ್ಟುಕೊಳ್ಳಿ. ಲೋಡ್ ಬ್ಯಾಲೆನ್ಸರ್ ಎರಡಿರಲಿ. ಅವುಗಳ ನಡುವೆ ಕೀಪ್‌ಅಲೈವ್ಡ್ ಎಂಬ ತಂತ್ರಾಂಶ ಒಂದೇ ಸಾರ್ವಜನಿಕ ಐಪಿಯನ್ನು (ನೆಟ್‌ವರ್ಕ್ ವಿಳಾಸವನ್ನು) ವಿಆರ್‌ಆರ್‌ಪಿ (ಬದುಕಿದ್ದೇನೆ ಎಂದು ಯಂತ್ರ ಘೋಷಿಸುವ ಪದ್ಧತಿ) ಮೂಲಕ ಕಾಯುತ್ತದೆ. ಸೆಕೆಂಡಿಗೊಂದು ಘೋಷಣೆಯಂತೆ ಮೂರು ತಪ್ಪಿದರೆ ಎರಡನೆಯದು ಐಪಿಯನ್ನು ತೆಗೆದುಕೊಳ್ಳುತ್ತದೆ, ಅಂದರೆ ಮೂರೂವರೆ ಸೆಕೆಂಡಿನ ಆಸುಪಾಸು. ಎಚ್‌ಎಪ್ರಾಕ್ಸಿ ಪ್ರೋಸೆಸ್ ಮಾತ್ರ ಸತ್ತು ಯಂತ್ರ ಬದುಕಿದ್ದರೂ ಐಪಿ ಬದಲಾಗುವಂತೆ ತಪಾಸಣೆ ಸ್ಕ್ರಿಪ್ಟ್ ಸೇರಿಸುವುದನ್ನು ಮರೆಯಬೇಡಿ. ಸ್ವಿಚ್‌ಗಳೂ ಎರಡಿರಬೇಕು.

ಸಪ್ತಾಪುರ, ಧಾರವಾಡ:

ಬ್ಯಾಕಪ್ ಬಗ್ಗೆ ಯಾರೂ ಬರೆದಿಲ್ಲ. ಡಿಆರ್‌ಬಿಡಿ ಬ್ಯಾಕಪ್ ಅಲ್ಲ. ಯಾರಾದರೂ ತಪ್ಪಾಗಿ ಡೈರೆಕ್ಟರಿಯೊಂದನ್ನು ಅಳಿಸಿದರೆ ಆ ಅಳಿಸುವಿಕೆಯನ್ನೂ ಅದು ಕ್ಷಣಾರ್ಧದಲ್ಲಿ ಎರಡನೆಯ ಡಿಸ್ಕ್‌ಗೆ ನಿಷ್ಠೆಯಿಂದ ಒಯ್ಯುತ್ತದೆ. ದಿನಕ್ಕೊಂದು ಎಲ್‌ವಿಎಂ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಸ್ಥಿರ ರೂಪ) ತೆಗೆದು, ಅದರಿಂದ ರೆಸ್ಟಿಕ್‌ನಂತಹ ಸಾಧನದ ಮೂಲಕ ಹುಬ್ಬಳ್ಳಿ-ಧಾರವಾಡದ ಹೊರಗೆ ಒಂದು ಪ್ರತಿ ಇಡಿ. ಅಮೆಜಾನ್‌ಗೆ 2016ರಿಂದ ಮುಂಬಯಿಯಲ್ಲಿ ಮತ್ತು 2022ರಿಂದ ಹೈದರಾಬಾದಿನಲ್ಲಿ ಕೇಂದ್ರಗಳಿವೆ, ಬೇರೆ ಸಂಸ್ಥೆಗಳ ಸೇವೆಗಳೂ ಇವೆ. 100 ಮೆಗಾಬಿಟ್ ಕೊಂಡಿಯಲ್ಲಿ 600 ಜಿಬಿಯ ಮೊದಲ ಪ್ರತಿ ಹೋಗಲು 13 ಗಂಟೆಗಿಂತ ಹೆಚ್ಚು ಬೇಕು. ಪೂರ್ತಿ ಮರಳಿ ತರಲೂ ಅಷ್ಟೇ ಬೇಕು ಎಂಬುದನ್ನು ಈಗಲೇ ಅರಿತಿರಿ. ಡೇಟಾಬೇಸ್ ಪ್ರತಿ ಸಣ್ಣದಾದ್ದರಿಂದ ಅದನ್ನು ಗಂಟೆಗೊಮ್ಮೆ ಕಳಿಸಿ.

ವಿದ್ಯಾನಗರ, ಹುಬ್ಬಳ್ಳಿ:

ಎಲ್ಲರ ಸಲಹೆಗಳಿಂದ ಯೋಜನೆ ಈಗ ಹೀಗಾಗಿದೆ. ಎರಡು ಲೋಡ್ ಬ್ಯಾಲೆನ್ಸರ್, ಮೂರು ವೆಬ್ ಸರ್ವರ್, ಎರಡು ಸಂಗ್ರಹ ಯಂತ್ರ. ಪ್ರತಿ ಜೋಡಿಯಲ್ಲಿ ಒಂದು ಮೊದಲ ಯುಪಿಎಸ್ ಮೇಲೆ, ಇನ್ನೊಂದು ಎರಡನೆಯದರ ಮೇಲೆ. ಮೂರನೆಯ ವೆಬ್ ಸರ್ವರ್ ಕೋರಮ್‌ನ ತೀರ್ಪುಗಾರನೂ ಆಗಿರುವುದರಿಂದ ಅದಕ್ಕೆ ಎರಡು ಪವರ್ ಸಪ್ಲೈಗಳಿದ್ದು, ಎರಡೂ ಯುಪಿಎಸ್‌ಗಳಿಗೆ ಒಂದೊಂದನ್ನು ಕೊಡುತ್ತೇವೆ. ಧಾರಣೆ ಪುಟಗಳಿಗೆ ಹಂಚಿಕೆಯ ಸಂಗ್ರಹದ ಅವಲಂಬನೆಯೇ ಇಲ್ಲ. ಹಂಗಾಮಿನಲ್ಲಿ ವೆಬ್ ಸರ್ವರ್ ಸೇರಿಸಬೇಕಾದರೆ ಕೋಡ್ ಹಾಕಿ ಎಚ್‌ಎಪ್ರಾಕ್ಸಿಯಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು. ಹೆಸರುಕಾಳಿನ ಆವಕ ಇಳಿದು ಮೆಣಸಿನಕಾಯಿ ಏರುವ ಮೊದಲಿನ ವಾರಗಳಲ್ಲಿ ಪರೀಕ್ಷೆ ಮಾಡುತ್ತೇವೆ. ಒಂದು ಸಂದೇಹ ಉಳಿದಿದೆ: ಎರಡನೆಯ ಸಂಗ್ರಹ ಯಂತ್ರದ ಪಿಎಚ್‌ಪಿ ಮೊದಲನೆಯದನ್ನು ಎನ್‌ಎಫ್‌ಎಸ್ ಮೂಲಕ ನೋಡುವಾಗ, ಆಗಷ್ಟೇ ಏರಿಸಿದ ಚಿತ್ರ ಅಲ್ಲಿ ಕೂಡಲೇ ಕಾಣುವುದೇ?

ಬೆಟಗೇರಿ:

ಕೂಡಲೇ ಕಾಣದಿರಬಹುದು. ಕಡತವಿಲ್ಲ ಎಂಬ ಉತ್ತರವನ್ನೂ ಎನ್‌ಎಫ್‌ಎಸ್ ಕ್ಲೈಂಟ್ ನೆನಪಿಟ್ಟುಕೊಳ್ಳುತ್ತದೆ, ಮತ್ತು ಡೈರೆಕ್ಟರಿಯ ವಿವರಗಳನ್ನು ಸಹಜ ಹೊಂದಿಕೆಯಲ್ಲಿ 30ರಿಂದ 60 ಸೆಕೆಂಡ್ ಕಾಲ ಹಿಡಿದಿಡುತ್ತದೆ. ಮೌಂಟ್ ಆಯ್ಕೆಗಳಲ್ಲಿ ಲುಕಪ್‌ಕ್ಯಾಶ್ ಎಂಬುದನ್ನು ಪಾಸಿಟಿವ್ ಎಂದಿಡಿ, ಆಗ ಇಲ್ಲದ ಕಡತಗಳ ನೆನಪನ್ನು ಅದು ಇಟ್ಟುಕೊಳ್ಳುವುದಿಲ್ಲ. ಚಿತ್ರಗಳಿಗೆ ಅವುಗಳ ಹ್ಯಾಶ್ (ಕಡತದ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಅನ್ನೇ ಹೆಸರಾಗಿ ಕೊಡುವುದೂ ಒಳ್ಳೆಯದು. ಆಗ ಒಂದು ಹೆಸರಿನ ಕಡತ ಎಂದೂ ಬದಲಾಗುವುದಿಲ್ಲ, ಮುಂದೆ ಆಬ್ಜೆಕ್ಟ್ ಸ್ಟೋರೇಜ್‌ಗೆ ಹೋಗುವುದೂ ಸುಲಭವಾಗುತ್ತದೆ.

ಪಾಳಿ ಬದಲಾದಾಗ ಆ ಯಂತ್ರ ತನ್ನದೇ ಎಕ್ಸ್‌ಪೋರ್ಟ್ ಅನ್ನು ತಾನೇ ಮೌಂಟ್ ಮಾಡಿಕೊಂಡಿರುವ ಸ್ಥಿತಿ ಬರುತ್ತದೆ, ಮತ್ತು ಮೆಮರಿ ಒತ್ತಡದಲ್ಲಿ ಲಿನಕ್ಸ್‌ನಲ್ಲಿ ಅದು ಬಿಗಿದುಕೊಳ್ಳುವ ಸಂಭವವಿದೆ. ಅದನ್ನು ತಪ್ಪಿಸಲು ಚಿತ್ರ ಏರಿಸುವ ಮಾರ್ಗವನ್ನು ಯಾವಾಗಲೂ ಎನ್‌ಎಫ್‌ಎಸ್ ಮುಖ್ಯವಾಗಿರುವ ಯಂತ್ರಕ್ಕೇ ಕಳಿಸಿ, ಅಲ್ಲಿ ಪಿಎಚ್‌ಪಿ ಡಿಸ್ಕ್‌ಗೆ ನೇರವಾಗಿ ಬರೆಯಲಿ. ಇನ್ನೊಂದು ಯಂತ್ರ ಎನ್‌ಎಫ್‌ಎಸ್ ಮೂಲಕ ಓದಲು ಮಾತ್ರ ಮೌಂಟ್ ಮಾಡಿಕೊಳ್ಳಲಿ, ಪಾಳಿ ಬದಲಾಗುವಾಗ ಪೇಸ್‌ಮೇಕರ್ ಆ ಮೌಂಟ್ ಅನ್ನು ತೆಗೆದು ಡಿಸ್ಕ್ ಅನ್ನೇ ಅದೇ ಜಾಗಕ್ಕೆ ಕಟ್ಟಲಿ.

ಸಪ್ತಾಪುರ, ಧಾರವಾಡ:

ಪರೀಕ್ಷೆಯ ಬಗ್ಗೆ ಒಂದು ಕೋರಿಕೆ. ಶಟ್‌ಡೌನ್ ಆಜ್ಞೆ ಕೊಟ್ಟು ಪರೀಕ್ಷಿಸಬೇಡಿ. ಆಗ ಯಂತ್ರ ಐಪಿಯನ್ನು ಬಿಟ್ಟುಕೊಟ್ಟು, ಡಿಸ್ಕ್ ಅನ್‌ಮೌಂಟ್ ಮಾಡಿ, ಸಂಗಾತಿಗೆ ತಿಳಿಸಿಯೇ ಹೋಗುತ್ತದೆ, ಹಾಗಾಗಿ ಎಲ್ಲವೂ ಸರಿಯಾಗಿ ನಡೆದಂತೆ ಕಾಣುತ್ತದೆ. ವಿದ್ಯುತ್ ತಂತಿಯನ್ನು ಕಿತ್ತು ನೋಡಿ. ಆಮೇಲೆ ಯಂತ್ರಗಳು ಓಡುತ್ತಿರುವಾಗಲೇ ಡಿಆರ್‌ಬಿಡಿ ಕೊಂಡಿಯನ್ನು ಮಾತ್ರ ಕಿತ್ತು ನೋಡಿ. ಮೂರನೆಯದಾಗಿ ತೀರ್ಪುಗಾರ ಯಂತ್ರವನ್ನು ಮೊದಲು ಆಫ್ ಮಾಡಿ, ಅದು ಇಲ್ಲದಿರುವಾಗ ಒಂದು ಸಂಗ್ರಹ ಯಂತ್ರದ ತಂತಿ ಕೀಳಿ. ಆಗ ಉಳಿದ ಯಂತ್ರ ಬಹುಮತವಿಲ್ಲದೆ ಬರೆಯಲು ನಿರಾಕರಿಸಬೇಕು, ಮತ್ತು ಅಂತಹ ಹೊತ್ತಿನಲ್ಲೂ ಧಾರಣೆ ಕೋಷ್ಟಕ ಫೋನಿನಲ್ಲಿ ತೆರೆಯಬೇಕು. ಈ ಮೂರನೆಯ ಪರೀಕ್ಷೆಯನ್ನು ಸೆಕೆಂಡಿಗೆ 250 ವಿನಂತಿಗಳ ಕೃತಕ ದಟ್ಟಣೆ ಓಡುತ್ತಿರುವಾಗಲೇ ಮಾಡಿ, ಯಾವ ಪುಟಕ್ಕೆ ಎಷ್ಟು ದೋಷಗಳು ಬಂದವು ಎಂಬ ಎಚ್‌ಎಪ್ರಾಕ್ಸಿ ಲಾಗ್ ಅನ್ನು ಇಲ್ಲಿ ಹಂಚಿಕೊಂಡರೆ ಉಳಿದ ಹೊಂದಿಕೆಗಳನ್ನು ಒಟ್ಟಿಗೆ ನೋಡೋಣ.